ಪದಗತಿಯ ರಾಜ್ಯಾಂತರ ಬೇಟೆ: ಬನ್ನೇರುಘಟ್ಟ–ಜವಳಗಿರಿ ಗಡಿಯ ಒಂದು ತಾತ್ವಿಕ ಅಧ್ಯಯನ (ಮೊದಲನೆಯ ಹಾಗೂ ಕಡೆಯ ಸಂಪುಟ)

‘ಪಾದಚಾರೀ ರಾಜ್ಯಾಂತರ ಮೃಗಯಾ ಸಂಕಥನ’ ಎಂದರೆ, ಒಂದು ರಾಜ್ಯದ ಜೀವಿಯು ವಾಹನದ ನೆರವಿಲ್ಲದೆ, ಸ್ವಂತ ಕಾಲುಗಳನ್ನೇ ನಂಬಿ, ಮತ್ತೊಂದು ರಾಜ್ಯದ ಸಾರ್ವಜನಿಕ ಬೇಟೆಭೂಮಿಯನ್ನು ತಲುಪುವ ಬಗೆಯನ್ನು ಚಾರಿತ್ರಿಕ, ಆರ್ಥಿಕ ಹಾಗೂ ಸಾಂಸ್ಕೃತಿಕ ನೆಲೆಗಳಲ್ಲಿ ಶೋಧಿಸುವ ಜ್ಞಾನಶಿಸ್ತು. ಪರವಾನಗಿ ಪಡೆದ ಯಾರೇ ಆದರೂ ಬೇಟೆಯಾಡಬಹುದಾದ ಸರ್ಕಾರಿ ನೆಲಕ್ಕೆ ಸಾರ್ವಜನಿಕ ಬೇಟೆಭೂಮಿ ಎನ್ನುತ್ತಾರೆ; ಅಮೆರಿಕದಲ್ಲಿ ಇಂಥವು ಧಾರಾಳವಾಗಿವೆ. ಭಾರತದಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಗೆ ತಡೆಯೊಡ್ಡಿದ್ದರಿಂದ ಈ ಶಾಸ್ತ್ರಕ್ಕೆ ವಸ್ತುವೇ ಇಲ್ಲದಂತಾಯಿತು. ವಸ್ತುವಿಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ ಸಂಶೋಧನೆಯನ್ನು ಕೈಬಿಟ್ಟ ಉದಾಹರಣೆ ನಮ್ಮ ವಿದ್ವತ್ಪರಂಪರೆಯಲ್ಲಿ ವಿರಳವಾದ್ದರಿಂದ, ಪ್ರಸ್ತುತ ಅಧ್ಯಯನವು ಬೇಟೆಗಾರನ ಸ್ಥಾನದಲ್ಲಿ ಆನೆಯನ್ನೂ ಬೇಟೆಭೂಮಿಯ ಸ್ಥಾನದಲ್ಲಿ ರಾಗಿಹೊಲವನ್ನೂ ಇಟ್ಟುಕೊಂಡು ಮುಂದುವರಿಯುತ್ತದೆ.

ಅಧ್ಯಯನದ ವ್ಯಾಪ್ತಿಯು ಬೆಂಗಳೂರಿನ ಡೇರಿ ಸರ್ಕಲ್‌ನಲ್ಲಿ ಆರಂಭವಾಗುತ್ತದೆ. ಅಲ್ಲಿಂದ ಹೊರಟು ಜಯನಗರ, ಬಿಟಿಎಂ ಲೇಔಟ್, ಜೆ.ಪಿ. ನಗರಗಳ ಅಂಚನ್ನು ಸವರಿಕೊಂಡು ದಕ್ಷಿಣಕ್ಕೆ ಸಾಗುವ ರಸ್ತೆಯು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಬಾಗಿಲಿಗೆ ಒಯ್ಯುತ್ತದೆ. ಆ ಕಾಡು ಆನೇಕಲ್ ಸೀಮೆಯ ಮೂಲಕ ತಮಿಳುನಾಡಿನ ತಳಿ, ಜವಳಗಿರಿ, ಡೆಂಕಣಿಕೋಟೆಗಳ ಕಾಡುಗಳ ಕಡೆಗೂ ಕಾವೇರಿ ವನ್ಯಜೀವಿ ಧಾಮದ ಕಡೆಗೂ ಚಾಚಿಕೊಂಡಿದೆ. ರಾಗಿ ಬಲಿತು ಕೊಯ್ಲಿಗೆ ಬರುವ ಚಳಿಗಾಲದ ತಿಂಗಳುಗಳಲ್ಲಿ ಹಿಂಡುಗಳು ಈ ದಾರಿಯಲ್ಲಿ ಗಡಿ ದಾಟುತ್ತವೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರತಿಯನ್ನು ಅವಕ್ಕೆ ತಲುಪಿಸಿದ ಬಗ್ಗೆ ಯಾವ ಕಡತದಲ್ಲೂ ಸ್ವೀಕೃತಿ ದೊರೆಯುವುದಿಲ್ಲ.

ಗಡಿ ದಾಟುವ ಆನೆಗಳನ್ನು ಮೂಲತಃ ಮೂರು ವರ್ಗಗಳಾಗಿ ವಿಂಗಡಿಸಬಹುದು. ಸ್ವಂತ ಹಸಿವಿನಿಂದ ಋತುಮಾನಕ್ಕನುಗುಣವಾಗಿ ನಡೆಯುವವು ‘ಋತುಚರ’ಗಳು. ಒಂದು ರಾಜ್ಯದ ಸಿಬ್ಬಂದಿ ಪಟಾಕಿ ಸಿಡಿಸಿ ಇನ್ನೊಂದು ರಾಜ್ಯದತ್ತ ಅಟ್ಟಿದವು ‘ಪ್ರೇಷಿತ’ಗಳು. ಆ ಇನ್ನೊಂದು ರಾಜ್ಯದ ಸಿಬ್ಬಂದಿ ತಾವೂ ಪಟಾಕಿ ಸಿಡಿಸಿ ಹಿಂದಕ್ಕೆ ಕಳಿಸಿದವು ‘ಪ್ರತಿಪ್ರೇಷಿತ’ಗಳು, ಇವುಗಳ ಉಪವರ್ಗವಾದ ‘ಪ್ರತಿಪ್ರತಿಪ್ರೇಷಿತ’ಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಎರಡೂ ಕಡೆಯ ವರದಿಗಳಲ್ಲಿ ಕಾರ್ಯಾಚರಣೆ ಯಶಸ್ವಿಯಾಗಿಯೇ ಮುಗಿಯುತ್ತದೆ. ಆನೇಕಲ್ಲಿನಲ್ಲಿ ಹೊಲ ತುಳಿದದ್ದು ತಮಿಳುನಾಡಿನ ಆನೆ ಎಂದಾದರೆ, ಹೊಸೂರಿನಲ್ಲಿ ತುಳಿದದ್ದು ಕರ್ನಾಟಕದ ಆನೆ. ಕೇಂದ್ರ ಸರ್ಕಾರವು 2010ರಲ್ಲಿ ಆನೆಯನ್ನು ರಾಷ್ಟ್ರೀಯ ಪರಂಪರೆಯ ಪ್ರಾಣಿಯೆಂದು ಘೋಷಿಸಿದ ಮೇಲೂ ಅದರ ತವರು ಯಾವುದೆಂಬ ವಾಗ್ವಾದ ಇತ್ಯರ್ಥವಾಗಿಲ್ಲ. 1980ರ ದಶಕದಲ್ಲಿ ಹೊಸೂರು–ಧರ್ಮಪುರಿ ಕಾಡುಗಳಿಂದ ಆಂಧ್ರದ ಚಿತ್ತೂರು ಜಿಲ್ಲೆಗೆ ನಡೆದುಹೋಗಿ, ಅಲ್ಲಿ ಕೌಂಡಿನ್ಯ ಅಭಯಾರಣ್ಯದ ಹುಟ್ಟಿಗೆ ಕಾರಣವಾದ ಹಿಂಡುಗಳು ವಾಗ್ವಾದವನ್ನು ತ್ರಿಪಕ್ಷೀಯಗೊಳಿಸಿದ ಶ್ರೇಯಸ್ಸಿಗೆ ಪಾತ್ರವಾಗಿವೆ.

ಈ ವರ್ಗೀಕರಣವನ್ನು ಇಲ್ಲಿಗೇ ಬಿಡುವುದು ಲೇಸು. ವಿದ್ವತ್ಸಭೆಗಳಲ್ಲಿ ‘ಮಾನವ–ವನ್ಯಜೀವಿ ಸಂಘರ್ಷ ನಿರ್ವಹಣೆ’ ಎಂದು ಕರೆಯಲಾಗುವ ಸಂಗತಿಯು ಹೊಲದಲ್ಲಿ ಹೇಗಿರುತ್ತದೆಂದರೆ, ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಒಬ್ಬ ರೈತ ಕಂಬಳಿ ಹೊದ್ದು, ಒಂದು ಟಾರ್ಚು, ಬಡಿಯಲೊಂದು ಖಾಲಿ ಡಬ್ಬ ಇಟ್ಟುಕೊಂಡು ಬೆಳಗಿನ ತನಕ ಕಣ್ಣು ಮುಚ್ಚದೆ ಕೂತಿರುತ್ತಾನೆ. ಅವನು ಒಂದು ಗಳಿಗೆ ತೂಕಡಿಸಿದರೆ ವರ್ಷದ ಮುದ್ದೆ ಮೆದೆಯಿಂದಲೇ ಮಾಯವಾಗಿರುತ್ತದೆ. ಆಮೇಲೆ ಪಹಣಿ, ಫೋಟೊ, ಪಾಸ್‌ಬುಕ್ಕಿನ ನಕಲು, ಮತ್ತು ಕಚೇರಿಯ ಬೆಂಚು. ಬೇಸತ್ತವನೊಬ್ಬ ಬೇಲಿಗೆ ನೇರ ವಿದ್ಯುತ್ ಹರಿಸುತ್ತಾನೆ. ಅದು ಅಪರಾಧ, ಸಂಶಯವಿಲ್ಲ. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಇಂಥದೊಂದು ಬೇಲಿಗೆ ಮೂರು ಆನೆಗಳು ಬಲಿಯಾದವು, ಜೊತೆಗಿದ್ದ ಎರಡು ಮರಿಗಳು ಉಳಿದವು. ಆ ಮರಿಗಳು ಋತುಚರಗಳೋ ಪ್ರೇಷಿತಗಳೋ ಎಂದು ಕೇಳುವ ಶಾಸ್ತ್ರಕ್ಕೂ, ಅದನ್ನು ಬರೆಯುವ ಕೈಗೂ ನಾಚಿಕೆಯಾಗಬೇಕು. ತುಳಿಸಿಕೊಂಡು ಸತ್ತ ರೈತನ ಮನೆಯವರಿಗೆ, ತುಳಿದ ಆನೆ ಯಾವ ರಾಜ್ಯದ್ದೆಂದು ತಿಳಿಸುವುದರಿಂದ ಯಾವ ಸಮಾಧಾನವೂ ಸಿಗದು.

ಕೊನೆಯದಾಗಿ ಒಂದು ಪರಿಭಾಷೆ. ರಾಷ್ಟ್ರೀಯ ಉದ್ಯಾನದ ಸುತ್ತ ಗಣಿಗಾರಿಕೆ, ದೊಡ್ಡ ಕಟ್ಟಡ ಮುಂತಾದವಕ್ಕೆ ಕಡಿವಾಣ ಹಾಕುವ ಪಟ್ಟಿಗೆ ‘ಪರಿಸರ ಸೂಕ್ಷ್ಮ ವಲಯ’ ಎನ್ನುತ್ತಾರೆ. ಬನ್ನೇರುಘಟ್ಟದ ಈ ವಲಯವು 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದದ್ದು, 2020ರ ಅಂತಿಮ ಅಧಿಸೂಚನೆಯ ಹೊತ್ತಿಗೆ 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಸೂಕ್ಷ್ಮತೆಯು ನಾಲ್ಕೇ ವರ್ಷಗಳಲ್ಲಿ ಯಾವ ಪಟಾಕಿಯ ಸದ್ದೂ ಇಲ್ಲದೆ ಎಲ್ಲಿಗೆ ನಡೆದುಹೋಯಿತೆಂಬುದು ಮೇಲಿನ ಯಾವ ವರ್ಗದಿಂದಲೂ ವಿವರಿಸಲಾಗದ ವಲಸೆಯಾಗಿದೆ. ಜಯನಗರ, ಬನಶಂಕರಿಗಳಲ್ಲಿ ಇನ್ನು ಜಾಗ ಸಿಗದೆ, ಕಾಡಿಗೆ ಮುಖಮಾಡಿದ ಬಾಲ್ಕನಿಯನ್ನು ಅರಸಿ ಈ ದಿಕ್ಕಿಗೆ ಬರುವ ಸೈಟುಬೇಟೆಗಾರರನ್ನು ನಾಲ್ಕನೆಯ ವರ್ಗವಾಗಿ ಪರಿಗಣಿಸಬೇಕೆಂಬ ವಾದವೊಂದುಂಟು. ಆದರೆ ಅವರು ಯಾವ ಗಡಿಯನ್ನೂ ದಾಟುವುದಿಲ್ಲ, ಗಡಿಯೇ ಅವರಿಗಾಗಿ ಹಿಂದೆ ಸರಿಯುತ್ತದೆ. ಮೇಲಾಗಿ ಅವರು ಭಾನುವಾರಗಳಂದು ಕಾರಿನಲ್ಲಿ ಬರುವುದರಿಂದ, ಪದಗತಿಗೆ ಸೀಮಿತವಾದ ಈ ಅಧ್ಯಯನದಲ್ಲಿ ಅವರಿಗೆ ಸ್ಥಾನ ಕಲ್ಪಿಸಲು ಬರುವುದಿಲ್ಲ.