ಕೌದ್ಯಭಾವ ನಿರ್ಣಯ: ಮಾರಾಟಕ್ಕೂ ಸಾಗಣೆಗೂ ನಡುವೆ ಬಿದ್ದುಹೋದ ಆರ್ಡರುಗಳ ಶಾಸ್ತ್ರೀಯ ಮೀಮಾಂಸೆ

ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾದ ಸರಕು ಸಾಗಣೆಯ ಪಟ್ಟಿಗೆ ಬಾರದೆ ಮಾಯವಾಗುವುದನ್ನು ಇಷ್ಟು ದಿನ ಸಾಫ್ಟ್‌ವೇರಿನವರೇ ಚರ್ಚಿಸಿಕೊಂಡು ಬಂದಿದ್ದಾರೆ. ತಾರ್ಕಿಕರ ಕೈಗೆ ಈ ವಿಷಯ ಸಿಗದೇ ಹೋದದ್ದು ದೇಶದ ದುರ್ದೈವ. ಪಾರ್ಸಲ್ಲಿಗೂ ಶಾಸ್ತ್ರಕ್ಕೂ ಎತ್ತಣ ಸಂಬಂಧ ಎಂದು ಹುಬ್ಬೇರಿಸುವವರಿಗೆ ಒಂದೇ ಉತ್ತರ: 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿ. ಪೂರ್ವಪಕ್ಷ ಇಲ್ಲಿಗೆ ಖಂಡಿತವಾಯಿತು.

ಉದಾಹರಣೆ ಕೊಡಲು ನೈಯಾಯಿಕರಿಗೆ ಗಡಿಗೆ ಹೇಗೋ ನಮಗೆ ಕೌದಿ ಹಾಗೆ. ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿ ಸಿದ್ದಿ ಹೆಂಗಸರ ಕೌದಿ ಮಾರುವ ಆನ್‌ಲೈನ್ ಅಂಗಡಿಯೊಂದಿದೆ ಎಂದು ಕಲ್ಪಿಸಿಕೊಳ್ಳೋಣ. ಹಳೇ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ, ಮೂಲೆಗೆ ‘ಫುಲಾ’ ಎಂಬ ಮುಕ್ಕೋನ ತುಂಡು ಕೂರಿಸುತ್ತಾರೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ವೆಬ್‌ಸೈಟಿನಲ್ಲಿ ಒಂದು ಸಲ ‘ಮಾರಾಟವಾಗಿದೆ’ ಎಂದು ಬಿತ್ತೋ, ಆ ಕೌದಿಯನ್ನು ಬೇರೆಯವರು ಕೊಳ್ಳುವಂತಿಲ್ಲ. ಸಾಗಣೆಯ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಅದು ಹೋಗುವಂತೆಯೂ ಇಲ್ಲ. ಕಪಾಟಿನಲ್ಲೇ ಮಡಿಚಿಕೊಂಡು ಕೂತಿರುತ್ತದೆ. ಮಾರಾಟದವನ ಲೆಕ್ಕದಲ್ಲಿ ಹೋಗಿಯಾಗಿದೆ, ಸಾಗಣೆಯವನ ಲೆಕ್ಕದಲ್ಲಿ ಬಂದೇ ಇಲ್ಲ.

ಇದನ್ನು ಅರಿಯುವುದು ಯಾವ ಪ್ರಮಾಣದಿಂದ? ಭಾಟ್ಟ ಮೀಮಾಂಸಕರು ‘ಅನುಪಲಬ್ಧಿ’ಯನ್ನು, ಎಂದರೆ ಕಾಣಬೇಕಾದ್ದು ಕಾಣದಿರುವುದನ್ನೇ, ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು. ಪ್ರಾಭಾಕರರು ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ ಎಂದರು. ಸಾಫ್ಟ್‌ವೇರ್ ಕಂಪನಿಗಳ ಸಹಾಯವಾಣಿ ಪ್ರಾಭಾಕರ ಮತಕ್ಕೆ ಸೇರಿದ್ದು. ಫೋನ್ ಮಾಡಿದರೆ ‘ನಮ್ಮ ಕಡೆ ಎಲ್ಲಾ ಸರಿ ಇದೆ ಸರ್’ ಎನ್ನುತ್ತಾರೆ. ಸುಳ್ಳಲ್ಲ. ಮಾರಾಟದ ಕಡೆ ದುಡ್ಡು ಬಂದಿದೆ, ದೋಷವಿಲ್ಲ. ಸಾಗಣೆಯ ಕಡೆ ಬಂದದ್ದೆಲ್ಲ ಹೋಗಿದೆ, ದೋಷವಿಲ್ಲ. ಬಾರದ ಆರ್ಡರು ‘ನಾನು ಬಂದಿಲ್ಲ’ ಎಂದು ಕೂಗುವುದಿಲ್ಲ. ಕೊನೆಗೆ ಉಳಿಯುವುದು ಶಬ್ದಪ್ರಮಾಣ: ‘ಅಕ್ಕಾರ, ರೊಕ್ಕ ಕಟ್ ಆಗಿ ಎಂಟ್ ದಿನಾ ಆತ್ರಿ, ಕೌದಿ ಎಲ್ಲೈತ್ರಿ?’

ವೈಶೇಷಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅವರಿಗೆ ಕೊರಿಯರ್ ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ.

ಪ್ರಾಗಭಾವ ಎಂದರೆ ವಸ್ತು ಹುಟ್ಟುವ ಮೊದಲಿನ ಇಲ್ಲಮೆ. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟಿನ ಮೊದಲ ಆರ್ಡರೇ ಈ ಜಾತಿಯದು. ಮಹಬೂಬ್‌ನಗರದ ಗ್ರಾಹಕರು ಕೇಳಿದ ಪುಸ್ತಕ ಇವರ ಕೈಯಲ್ಲಿರಲಿಲ್ಲ. ಸ್ಥಾಪಕರು ಪುಸ್ತಕದಂಗಡಿಗಳನ್ನು ಅಲೆದು ಹುಡುಕಿ ಕಳಿಸಿಕೊಟ್ಟರು. ಪ್ರಧ್ವಂಸಾಭಾವ, ಅಂದರೆ ಇದ್ದು ನಾಶವಾದದ್ದು: ಗ್ರಾಹಕ ರದ್ದು ಮಾಡಿದ, ಮನಸ್ಸು ಬದಲಿಸಿ ಮತ್ತೆ ಬೇಕೆಂದ, ಮೊದಲ ಸುದ್ದಿ ಮಾತ್ರ ಸಾಗಣೆಗೆ ತಲುಪಿತು. ಅನ್ಯೋನ್ಯಾಭಾವವು ‘ಇದು ಅದಲ್ಲ’ ಎಂಬ ಭೇದ. ಅಂಗಡಿಯ ಆರ್ಡರ್ ನಂಬರು ಒಂದು, ಸ್ಪೀಡ್ ಪೋಸ್ಟಿನ 13 ಅಕ್ಷರಾಂಕಗಳ ನಂಬರು ಇನ್ನೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಡದವನಿಗೆ ಅದ್ವೈತ ಸಿದ್ಧಿಸುವುದಿಲ್ಲ.

ಅತ್ಯಂತಾಭಾವವೇ ಘೋರ. ದುಡ್ಡು ಕಟ್ ಆಯಿತು, ಆದರೆ ಆರ್ಡರು ಹುಟ್ಟಲೇ ಇಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ ಸುತ್ತೋಲೆಯಲ್ಲಿ ಇದಕ್ಕೆ ಬೆಲೆ ಕಟ್ಟಿದೆ. ಯುಪಿಐಯಲ್ಲಿ ಗ್ರಾಹಕನ ಖಾತೆಯಿಂದ ಹೋದ ಹಣ ವ್ಯಾಪಾರಿಗೆ ಖಚಿತವಾಗದಿದ್ದರೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಶೂನ್ಯಕ್ಕೆ ದಿನಗೂಲಿ ನಿಗದಿಯಾದದ್ದು ದರ್ಶನಗಳ ಇತಿಹಾಸದಲ್ಲಿ ಇದೇ ಮೊದಲಿರಬೇಕು.

ಆದರೆ ಪ್ರಾಚೀನರ ಕಣ್ಣು ತಪ್ಪಿಸಿಕೊಂಡ ಐದನೆಯದೊಂದಿದೆ. ಪ್ರಬಂಧಕಾರನು ಅದನ್ನು ‘ಸಂಧ್ಯಭಾವ’ ಎಂದು ಕರೆದು ಅಮರನಾಗಬಯಸುತ್ತಾನೆ. ಸಾಗಣೆಯ ಯಂತ್ರ ಕಾಲು ಗಂಟೆಗೊಮ್ಮೆ ಬಂದು ‘ಕಳೆದ ಕಾಲು ಗಂಟೆಯಲ್ಲಿ ಹುಟ್ಟಿದ, ದುಡ್ಡು ಬಂದ ಆರ್ಡರು ಕೊಡಿ’ ಎನ್ನುತ್ತದೆ. ನಮ್ಮ ಕೌದಿಯ ಆರ್ಡರು ಹುಟ್ಟಿದ್ದು 11:59ಕ್ಕೆ, ದುಡ್ಡು ಖಚಿತವಾದದ್ದು 12:01ಕ್ಕೆ. ಹನ್ನೆರಡಕ್ಕೆ ಬಂದ ಯಂತ್ರಕ್ಕೆ ಆರ್ಡರು ಕಂಡಿತು, ದುಡ್ಡು ಕಾಣಲಿಲ್ಲ, ಬಿಟ್ಟುಹೋಯಿತು. ಹನ್ನೆರಡೂಕಾಲಿಗೆ ಬಂದಾಗ ದುಡ್ಡಿತ್ತು, ಆದರೆ ಆರ್ಡರು ಹನ್ನೆರಡಕ್ಕೆ ಮೊದಲೇ ಹುಟ್ಟಿತ್ತು, ಮತ್ತೆ ಬಿಟ್ಟಿತು. ಇನ್ನು ಕಲ್ಪಾಂತ್ಯದವರೆಗೂ ಅದು ಯಾವ ಕಾಲು ಗಂಟೆಗೂ ಸೇರುವುದಿಲ್ಲ. ಹಗಲಲ್ಲ, ಇರುಳಲ್ಲ, ಹಿರಣ್ಯಕಶಿಪುವಿನ ಕಥೆ ಕೇಳಿ ಬೆಳೆದ ನಾಡಿನ ಎಂಜಿನಿಯರುಗಳು ಹೊಸ್ತಿಲನ್ನು ಮರೆತದ್ದು ಸೋಜಿಗ.

ಎರಡು ಯಂತ್ರಗಳು ಮುಟ್ಟಿದ್ದಕ್ಕೆ ರಸೀದಿ, ರಸೀದಿ ಮುಟ್ಟಿದ್ದಕ್ಕೆ ಇನ್ನೊಂದು ರಸೀದಿ ಎಂದು ಮಾತಾಡಿಕೊಳ್ಳಲಿ ಎನ್ನಬಹುದು. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1978ರಲ್ಲಿ ‘ಇಬ್ಬರು ಸೇನಾಪತಿಗಳ’ ಸಮಸ್ಯೆ ಎಂದು ಹೆಸರಿಟ್ಟದ್ದು ಇದಕ್ಕೇ. ಸುದ್ದಿ ಕಳೆದುಹೋಗಬಹುದಾದ ದಾರಿಯಲ್ಲಿ ಎಷ್ಟು ರಸೀದಿ ಓಡಾಡಿದರೂ ಇಬ್ಬರಿಗೂ ಪೂರ್ತಿ ಖಾತ್ರಿ ಹುಟ್ಟುವುದಿಲ್ಲ. ಜೋಯಿಡಾದ ಕಾಡಿನಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದವರಿಗೆ ಇದಕ್ಕೆ ಪುರಾವೆ ಬೇಕಿಲ್ಲ. ಅನುಮಾನ ಬಂದಾಗಲೆಲ್ಲ ಮತ್ತೆ ಕಳಿಸುತ್ತ ಹೋದರೆ, ಅದೇ ನಂಬರು ಮೊದಲೇ ಬಂದಿದೆಯೇ ಎಂದು ನೋಡದ ಯಂತ್ರ ಎರಡು ಚೀಟಿ ಅಂಟಿಸುತ್ತದೆ. ಕೌದಿ ಮಾತ್ರ ಒಂದೇ.

ಆದ್ದರಿಂದ ಸಿದ್ಧಾಂತ ಇಷ್ಟು: ದಿನಕ್ಕೊಮ್ಮೆ ಮಾರಾಟ, ದುಡ್ಡು, ಸಾಗಣೆ ಮೂರೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುವುದು. ದುಡ್ಡು ಬಂದು ಒಂದು ದಿನ ಕಳೆದರೂ ಸಾಗಣೆ ನಂಬರು ಬೀಳದ ಆರ್ಡರು ಯಾವುದು? ಆರ್ಡರೇ ಇಲ್ಲದೆ ಬಂದ ದುಡ್ಡು ಯಾವುದು? ಮಾರಾಟವೇ ಆಗದೆ ಹೊರಟ ಪಾರ್ಸಲ್ ಯಾವುದು? ಇದನ್ನು ಕಿರಾಣಿ ಅಂಗಡಿಯವರು ರಾತ್ರಿ ಬಾಗಿಲು ಎಳೆದುಕೊಂಡು ಮಾಡುತ್ತಲೇ ಬಂದಿದ್ದಾರೆ, ಅವರಿಗೆ ಡಾಕ್ಟರೇಟ್ ಕೊಟ್ಟವರಿಲ್ಲ.

ತಾಳೆ ನೋಡುವ ಯಂತ್ರವೇ ಕೆಟ್ಟರೆ ಎಂಬ ಅನವಸ್ಥಾ ದೋಷ ಉಳಿಯುತ್ತದೆ. ಅಭಾವದ ಅಭಾವ ಭಾವವೇ ಎನ್ನುತ್ತಾರೆ ತಾರ್ಕಿಕರು. ದೂರು ಬರಲಿಲ್ಲವೆಂದರೆ ಎಲ್ಲ ಸರಿ ಇದೆ ಎನ್ನುತ್ತಾನೆ ಮಾಲೀಕ. ಎರಡನ್ನೂ ತೇರಗಾಂವ ಪಂಥ ಒಪ್ಪುವುದಿಲ್ಲ. ಏನೂ ತಪ್ಪಿಹೋಗದ ದಿನವೂ ಯಂತ್ರ ‘ಇಂದು ಬಿಟ್ಟುಹೋದದ್ದು: 0’ ಎಂದು ಮೆಸೇಜು ಕಳಿಸಲೇಬೇಕು. ಅದು ಬಾರದ ಸಂಜೆ ಅಂಗಡಿಯಾಕೆ ಫೋನೆತ್ತಿ ಹುಬ್ಬಳ್ಳಿಯ ಸಾಫ್ಟ್‌ವೇರಿನವನನ್ನು ಕೇಳುತ್ತಾಳೆ: ‘ಅಣ್ಣಾರ, ಇವತ್ತಿಂದು ಸೊನ್ನಿ ಇನ್ನೂ ಬಂದಿಲ್ಲಲ್ರಿ, ಎಲ್ಲೈತಿ?’