ಭಾವ ಒಪ್ಪಿದ ಟ್ರಕ್

ಕುಂದಾಪುರದ ಕಡೆ ಮನೆಗೊಂದು ವಸ್ತು ಬರಬೇಕಾದರೆ ದುಡ್ಡಿದ್ದರೆ ಸಾಲದು, ಭಾವ ಒಪ್ಪಬೇಕು. ಇಂಥ ಭಾವ ಪ್ರತಿ ಕುಟುಂಬಕ್ಕೂ ಒಬ್ಬರು ಇರುತ್ತಾರೆ. ಗಂಗೊಳ್ಳಿ ದಕ್ಕೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ, ಮೂಸಿ, ಕೊನೆಗೆ "ನಾಳೆ ಕಾಂಬ" ಎಂದು ಬರಿಗೈಯಲ್ಲಿ ಮರಳುವವರು ಇವರೇ. ನಮ್ಮ ಬಾವಿಗೆ ಎಷ್ಟು ಅಶ್ವಶಕ್ತಿಯ ಪಂಪು ಬೇಕೆಂದು ಇವರು ಲೆಕ್ಕ ಹಾಕಿ ಮುಗಿಸುವವರೆಗೂ ಮನೆಯ ಹೆಂಗಸರು ಹಗ್ಗ ಹಿಡಿದೇ ನೀರು ಸೇದಿದರು. ಕೊಳ್ಳುವುದಕ್ಕೆ ಮುಂಚಿನ ದಿನಗಳೆಲ್ಲ ಭಾವನಿಗೆ ಹಬ್ಬ. ವಸ್ತು ಮನೆಗೆ ಬಂದ ದಿನ ಮುಖ ಬಾಡುತ್ತದೆ.

ನಮ್ಮ ಮಾಣಿ ಬ್ರಹ್ಮಾವರ ತಾಲೂಕಿನ ಕೋಡಿ ಬೆಂಗ್ರೆಗೆ ಹೋದವನು, ಶಾಕಾ ಸರ್ಫ್ ಕ್ಲಬ್ಬಿನವರು ಅಲೆಯ ಮೇಲೆ ನಿಲ್ಲುವುದನ್ನು ಕಂಡು ಬಂದ. ಅವನಮ್ಮ ಕಡಲಿಗೆ ಬಿಡುವವಳಲ್ಲ. ಹಾಗಾದರೆ ಸ್ಕೇಟ್‌ಬೋರ್ಡ್ ಕೊಡಿಸಿ, ನೆಲದ ಮೇಲಾದರೂ ನಿಲ್ಲುತ್ತೇನೆ ಎಂದು ಹಟ ಹಿಡಿದ. ಕೇಳಿದ್ದರಲ್ಲಿ ತಪ್ಪೇನಿಲ್ಲ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು ಅಲೆ ಏಳದ ದಿನ ಹಲಗೆಗೆ ರೋಲರ್ ಸ್ಕೇಟಿನ ಚಕ್ರ ಜಡಿದು ಬೀದಿಗಿಳಿದರಂತೆ, ಈ ಆಟ ಬೆಳೆದದ್ದೇ ಹಾಗೆ. ನಾನು ಮೊಬೈಲಿನಲ್ಲಿ ಒಂದು ರೆಡಿಮೇಡ್ ಬೋರ್ಡು ಆರಿಸಿ ಹಣ ಕಟ್ಟುವುದರಲ್ಲಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಭಾವನ ಸ್ಕೂಟರು ನಿಂತಿತು.

"ಹ್ವಾಯ್, ಟ್ರಕ್ ಯಾವ್ದ್ ಅಂದೇಳಿ ಕಂಡ್ರ್ಯಾ?"

ಹಲಗೆಯ ಅಡಿಯಲ್ಲಿ ಹಿಂದೊಂದು ಮುಂದೊಂದು ಕೂತು ಚಕ್ರಗಳನ್ನು ಹಿಡಿದುಕೊಳ್ಳುವ ಲೋಹದ ಸಲಕರಣೆಯೇ ಟ್ರಕ್. ಒಂದು ಬದಿಗೆ ಕಾಲು ಊರಿದರೆ ಬೋರ್ಡು ಆ ಬದಿಗೆ ತಿರುಗುವುದು ಅದರಿಂದ. ಭಾವನಿಗೂ ಇದು ಗೊತ್ತಾದದ್ದು ಹಿಂದಿನ ರಾತ್ರಿಯೇ. ಬೆಳಗಾಗುವುದರೊಳಗೆ ಪಂಡಿತರಾಗಿದ್ದರು. ಅವರು ಹೇಳಿದ್ದರಲ್ಲಿ ಒಂದಾದರೂ ಸುಳ್ಳಾಗಿದ್ದರೆ ಎದುರಾಡಬಹುದಿತ್ತು, ಆ ಭಾಗ್ಯವೂ ನಮಗಿಲ್ಲ.

"ಹಲಗಿ 8 ಇಂಚ್ ಅಗಲ ಇದ್ರೆ ಆ್ಯಕ್ಸಲ್ಲೂ 8 ಇಂಚೇ ಇರ್ಕ್. ಕಾಲಿಂಚ್ ಆಚೀಚಿ ಆರೆ ಅಡ್ಡಿಲ್ಲೆ. ಚಕ್ರ ಹೊರಗ್ ಬಂದ್ರೆ ಕಾಲಿಗ್ ತಾಗತ್ತ್, ಒಳಗ್ ಹೋರೆ ಮಗಚತ್ತ್."

ಇಂಡಿಪೆಂಡೆಂಟ್ ಎಂಬ ಕಂಪನಿಯ 139 ನಂಬರಿನ ಟ್ರಕ್ಕಿನ ಆ್ಯಕ್ಸಲ್ 8 ಇಂಚಂತೆ, 149ರದ್ದು ಎಂಟೂವರೆಯಂತೆ. ಹೆಸರಿನ ಅಂಕಿ ಒಂದು, ಅಳತೆ ಮತ್ತೊಂದು ಇರುವ ಇಂಥ ಜಾಗ ಸಿಕ್ಕರೆ ಭಾವ ಎರಡು ಲೋಟ ಚಾ ಕುಡಿಯದೆ ಏಳುವುದಿಲ್ಲ.

ಆಮೇಲೆ ಮಾಣಿಯ ತೂಕದ ವಿಚಾರ ಬಂತು. ಟ್ರಕ್ಕಿನ ನಡುವೆ ಕಿಂಗ್‌ಪಿನ್ ಎಂಬ ಬೋಲ್ಟು, ಅದಕ್ಕೆ ತೊಡಿಸಿದ ಬುಷಿಂಗ್ ಎಂಬ ರಬ್ಬರಿನಂಥ ಬಿಲ್ಲೆಗಳು. ಕಂಪನಿಯಿಂದ ಸಾಮಾನ್ಯವಾಗಿ 90ಎ ಆಸುಪಾಸಿನ ಗಡುಸಿನದು ಬರುತ್ತದೆ. ಹಗುರದವರಿಗೆ ಇನ್ನೂ ಮೆತ್ತನೆಯದು ಬೇಕು, ಭಾರದವರಿಗೆ ಇನ್ನೂ ಗಟ್ಟಿಯದು. ಭಾವ ಮಾಣಿಯನ್ನು ರೇಷನ್ ಅಂಗಡಿಯ ತಕ್ಕಡಿ ಹತ್ತಿಸಿ ಬಂದು ಲೆಕ್ಕ ಬರೆಯುತ್ತಿದ್ದರೆ, ಒಳಗಿಂದ ಅಜ್ಜಿ, "ಹಲಸಿನ್ ಹಣ್ಣಿನ್ ಕಾಲ ಮುಗಿಲಿ, ಮತ್ ತೂಕ ಕಾಂಬ" ಎಂದರು. ಭಾವ ಅದನ್ನೂ ಬರೆದುಕೊಂಡರು.

ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆ (ಅದರ ದಪ್ಪ ನಿಶ್ಚಯಿಸಿದ್ದೂ ಇವರೇ). ಸಣ್ಣ ಗಟ್ಟಿ ಚಕ್ರ ಅದರ ಮೇಲೆ ಓಡಿದರೆ ಹಲ್ಲು ಕಳಚುವಷ್ಟು ಗಡಗಡ. ಹಾಗಾಗಿ 60 ಮಿಲಿಮೀಟರಿನ ಮೆತ್ತನೆ ಚಕ್ರ ಬೇಕು. ಚಕ್ರ ದೊಡ್ಡದಾದರೆ ತಿರುಗುವಾಗ ಹಲಗೆಗೆ ಉಜ್ಜಿ ಗಕ್ಕನೆ ನಿಲ್ಲುತ್ತದೆ, ಮೇಲಿದ್ದವನು ಮುಂದಕ್ಕೆ ಹಾರುತ್ತಾನೆ. ಅದಕ್ಕೆ ಎತ್ತರದ ಟ್ರಕ್ ಬೇಕು, ಇಲ್ಲವೇ ನಡುವೆ ರೈಸರ್ ಎಂಬ ಪಟ್ಟಿ ಕೊಡಬೇಕು. ಇದನ್ನು ತೋರಿಸಲು ಭಾವ ಊಟದ ಮಣೆಯ ಅಡಿಗೆ ಉಪ್ಪಿನಕಾಯಿಗೆ ತಂದ ಲಿಂಬೆಗಳನ್ನಿಟ್ಟು ಒಂದು ಬದಿಗೆ ಒತ್ತಿದರು. ಲಿಂಬೆ ಒಡೆಯಿತು, ಸಿದ್ಧಾಂತ ಸಾಬೀತಾಯಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ನೀರು ಹೊಕ್ಕರೆ ಬೇರಿಂಗು ತುಕ್ಕು ಹಿಡಿಯುತ್ತದೆ, ಕಡಲ ಗಾಳಿ ಬೇರೆ, ದೀಪಾವಳಿ ಕಳೆಯಲಿ ಎಂದು ತೀರ್ಪಾಯಿತು. ಮಾಣಿ ಅತ್ತೇಬಿಟ್ಟ. "ಟೋಕಿಯೋ ಒಲಿಂಪಿಕ್ಸಂಗೆ ಮೊಮಿಜಿ ನಿಶಿಯಾ 13 ವರ್ಷಕ್ಕೇ ಚಿನ್ನ ಗೆದ್ದದ್. ನಂಗ್ 13 ಆಪತಿಗೆ ಮಾವ ಟ್ರಕ್ಕಿನ್ ನಟ್ ಕಾಂತಾ ಇರ್ತ್ರ್!"

ದೀಪಾವಳಿಗೆ ಬಂದ ಅವನ ಚಿಕ್ಕಮ್ಮ ಯಾರನ್ನೂ ಕೇಳದೆ ಬೆಂಗಳೂರಿಂದ ಒಂದು ಬೋರ್ಡು ಹಿಡಿದುಕೊಂಡೇ ಬಂದಳು. ಅಲ್ಲಿ ಹೋಲಿಸ್ಟೋಕ್ಡ್ ಎಂಬ ಹುಡುಗರ ಗುಂಪು ತಾವೇ ಕಾಂಕ್ರೀಟ್ ಕಲಸಿ ಸ್ಕೇಟ್‌ಪಾರ್ಕ್ ಕಟ್ಟಿದ್ದನ್ನು ಅವಳು ಹುರುಪಿನಿಂದ ವರ್ಣಿಸುತ್ತಿದ್ದರೆ, ಭಾವ ಕೇಳಿದ್ದು ಒಂದೇ ಪ್ರಶ್ನೆ: "ಸಿಮೆಂಟ್ ಯಾವ್ ಗ್ರೇಡ್?"

ಆಮೇಲೆ ಬೋರ್ಡನ್ನು ಜಗಲಿಯ ಮೇಲೆ ಬೋರಲು ಹಾಕಿದರು. ಕನ್ನಡಕ ಏರಿತು, ಟೇಪು ಹೊರಬಂತು. ಹಲಗೆ 8 ಇಂಚು. ಆ್ಯಕ್ಸಲ್ 8 ಇಂಚು. ಅಡಿಗೆ ರೈಸರ್ ಕೂಡ ಇತ್ತು. ಇಷ್ಟು ದುಃಖ ಭಾವನ ಮುಖದಲ್ಲಿ ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಸ್ಪ್ಯಾನರ್ ತರಿಸಿ ಕಿಂಗ್‌ಪಿನ್ನನ್ನು ಕಾಲು ಸುತ್ತು ಸಡಿಲ ಮಾಡಿದರು, ಅಲ್ಲಾಡಿಸಿದರು, ತಲೆಯಾಡಿಸಿ ಮತ್ತೆ ಕಾಲು ಸುತ್ತು ಬಿಗಿ ಮಾಡಿದರು.

"ಈಗ ಸಮ ಆಯ್ತ್."

ಮಾಣಿ ಇಂಟರ್‌ಲಾಕಿನ ಮೇಲೆ ನಾಲ್ಕು ಮಾರು ಹೋಗಿ ಬಿದ್ದ, ಎದ್ದ, ಮತ್ತೆ ಹೋದ. ತುಳಸಿಕಟ್ಟೆ ಸುತ್ತಿ ಬಂದವನು ಬೋರ್ಡನ್ನು ಭಾವನ ಕಾಲಬುಡಕ್ಕೆ ತಳ್ಳಿ, "ಮಾವ, ನೀವೂ ಒಂದ್ ಸಲ ಹತ್ತಿ ಕಾಣಿ" ಎಂದ.

ಭಾವ ಎರಡು ಹೆಜ್ಜೆ ಹಿಂದೆ ಸರಿದರು. "ನನ್ನ್ ತೂಕಕ್ಕೆ ಗಟ್ಟಿ ಬುಷಿಂಗ್ ಬೇಕ್ ಮಗಾ. ಯಾವ್ದ್ ಒಳ್ಳೇದ್ ಅಂದೇಳಿ ಕಾಣ್ತಾ ಇದ್ದೆ."