ತಂಗಿಗೆ ಅಕ್ಕಿ ಕಿಟ್, ಅಣ್ಣನಿಗೆ ಪುಣ್ಯ

ರಂಝಾನ್ ಬಂತೆಂದರೆ ನಮ್ಮೂರ ಹಾಜಿಯವರು ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಾರೆ. ಅಂಗಡಿಯ ಸ್ಟಾಕು, ಬ್ಯಾಂಕಿನ ದುಡ್ಡು, ಬರಬೇಕಾದ ಬಾಕಿ, ಎಲ್ಲ ಕೂಡಿಸಿ ಎರಡೂವರೆ ಪರ್ಸೆಂಟ್ ಝಕಾತ್, ಬಡವರಿಗೆ ಕೊಡಲೇಬೇಕಾದ ಪಾಲು. ಒಂದು ಪೈಸೆ ತಪ್ಪುವುದಿಲ್ಲ.

ಆಮೇಲೆ ಝಕಾತ್ ಮೆರವಣಿಗೆ ಹೊರಡುತ್ತದೆ. ಶಾಮಿಯಾನ, ಬ್ಯಾನರು, ಬ್ಯಾನರಿನ ತುಂಬ ಹಾಜಿಯವರು. ಬಿಸಿಲಲ್ಲಿ ಉಪವಾಸದ ಹೆಂಗಸರ ಸಾಲು. 'ಸ್ವಲ್ಪ ಈ ಕಡೆ ತಿರುಗಮ್ಮ, ಫೋಟೊಕ್ಕೆ.' ಗುಟ್ಟಾಗಿ ಕೊಡುವುದೇ ಮೇಲು ಎನ್ನುತ್ತದೆ ಕುರ್‌ಆನ್. ಪಾಪ, ಆಗ ವಾಟ್ಸಾಪ್ ಸ್ಟೇಟಸ್ ಇರಲಿಲ್ಲ!

2008ರಲ್ಲಿ ಇಂಡೋನೇಷ್ಯಾದ ಪಸುರುವಾನ್‌ನಲ್ಲಿ ಒಬ್ಬ ಸಿರಿವಂತರು ಹೀಗೇ ಜನರನ್ನು ಮನೆ ಬಾಗಿಲಿಗೆ ಕರೆದು ಝಕಾತ್ ಹಂಚಿದರು. ನೂಕುನುಗ್ಗಲಿಗೆ 21 ಹೆಂಗಸರು ಸತ್ತರು.

ಇತ್ತ ಹಾಜಿಯವರ ಒಡಹುಟ್ಟಿದ ತಂಗಿ ಎರಡು ಬೀದಿ ಆಚೆ ಬೀಡಿ ಕಟ್ಟುತ್ತಾಳೆ. ಗಂಡನಿಗೆ ಡಯಾಲಿಸಿಸ್. ಮಗಳ ಕಾಲೇಜು ಫೀಸು ಬಾಕಿ. ಬಡ ನೆಂಟರಿಗೆ ಕೊಟ್ಟರೆ ಎರಡು ಪುಣ್ಯ, ದಾನದ್ದೊಂದು, ರಕ್ತಸಂಬಂಧ ಉಳಿಸಿದ್ದೊಂದು ಎಂದು ಪ್ರವಾದಿಯವರೇ ಹೇಳಿದ್ದಾರೆ. ಒಂದಕ್ಕೆ ಎರಡು ಸಿಕ್ಕರೆ ಬಿಡದ ವ್ಯಾಪಾರಿ, ಇಲ್ಲಿ ಮಾತ್ರ ಬಿಡುತ್ತಾರೆ. ತಂಗಿ ಮನೆ ಅಡುಗೆಕೋಣೆಯಲ್ಲಿ ಚಪ್ಪಾಳೆ ತಟ್ಟುವವರು ಯಾರು?

ಇದು ಝಕಾತ್ ಎಂದು ಹೇಳಿಯೇ ಕೊಡಬೇಕೆಂಬ ನಿಯಮವೂ ಇಲ್ಲ. ಮನಸ್ಸಿನಲ್ಲಿ ನಿಯ್ಯತ್, ಅಂದರೆ ಸಂಕಲ್ಪ, ಇದ್ದರಾಯಿತು. 'ಮಗಳ ಫೀಸಿಗೆ ಇಟ್ಟುಕೋ' ಎಂದು ಕವರ್ ಕೊಟ್ಟು ಬಂದರೆ ಮುಗಿಯಿತು. ಹಾಜಿಯವರು ಕೊಟ್ಟದ್ದು ಒಂದು ಅಕ್ಕಿ ಕಿಟ್. ಅದನ್ನೂ ಮದುವೆ ಮನೆಯಲ್ಲಿ, ಬಿರಿಯಾನಿ ಬಡಿಸುವ ಹೊತ್ತಿಗೆ, ಹತ್ತು ಜನರೆದುರು ನೆನಪಿಸಿದರು. ಕೊಟ್ಟದ್ದನ್ನು ಎತ್ತಿ ಆಡಿದರೆ ದಾನವೇ ಹಾಳು ಎಂಬ ಮಾತು ಅದೇ ಕುರ್‌ಆನ್‌ನಲ್ಲಿದೆ. ಆ ಪುಟ ಇವರ ಪ್ರತಿಯಲ್ಲಿ ಅಂಟಿಕೊಂಡಿರಬೇಕು.

ಇನ್ನೊಬ್ಬ ಮಹಾಶಯರು ಉಸ್ತಾದರನ್ನು ಕೇಳಿದರಂತೆ: 'ಅಮ್ಮನ ಔಷಧಿ ಖರ್ಚು ಝಕಾತ್ ಲೆಕ್ಕಕ್ಕೆ ಹಿಡಿಯಬಹುದಾ?' ಹಿಡಿಯುವಂತಿಲ್ಲ. ಬಡ ಅಮ್ಮನನ್ನು ಸಾಕುವುದು ಮಗನ ಹೊಣೆ, ದಾನವಲ್ಲ. ಅಣ್ಣತಮ್ಮ, ಅಕ್ಕತಂಗಿ, ಅತ್ತೆ, ಚಿಕ್ಕಪ್ಪ ಕಷ್ಟದಲ್ಲಿದ್ದರೆ ಧಾರಾಳವಾಗಿ ಕೊಡಿ ಎಂದರು ಉಸ್ತಾದರು. ಪ್ರಶ್ನೆ ಕೇಳಿದವರ ಮುಖ ಬಾಡಿತು. ಅಮ್ಮನಲ್ಲೂ ರಿಯಾಯಿತಿ ಹುಡುಕುವ ಜಾತಿ.

ಅಸಲು ವಿಷಯ ಬೇರೆ ಇದೆ. ಹಾಜಿಯವರ ಈ ತಂಗಿ ಬಡವಿಯಾದದ್ದು ಹೇಗೆ? ಅಪ್ಪ ತೀರಿಕೊಂಡಾಗ ತೋಟವಿತ್ತು, ಅಂಗಡಿ ಇತ್ತು. ಮಗನ ಪಾಲಿನ ಅರ್ಧ ಮಗಳಿಗೆ ಎಂದು ಕುರ್‌ಆನ್ ಅಳತೆ ಸಮೇತ ಬರೆದಿಟ್ಟಿದೆ. 'ನಿನ್ನ ಮದುವೆಗೆ ಚಿನ್ನ ಹಾಕಿಲ್ಲವಾ' ಎಂದು ಗದರಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡವರು ಇದೇ ಅಣ್ಣ. ಮೊದಲು ತಂಗಿಯನ್ನು ಝಕಾತಿಗೆ ಅರ್ಹಳನ್ನಾಗಿ ಮಾಡಿದರು. ಈಗ ಅವಳ ತೋಟದ ತೆಂಗಿನಕಾಯಿ ಮಾರಿದ ದುಡ್ಡಿನಲ್ಲೇ ಅವಳಿಗೆ ಕಿಟ್!

ಹಾಜಿಯವರೇ, ಕ್ಯಾಲ್ಕುಲೇಟರ್ ಇನ್ನೊಮ್ಮೆ ತೆಗೆಯಿರಿ. ಮೊದಲು ತಂಗಿಯ ಪಾಲು ಕಳೆಯಿರಿ, ಇಷ್ಟು ವರ್ಷದ ಫಸಲಿನ ಸಮೇತ ಅವಳ ಕೈಗೆ ಕೊಡಿ. ಉಳಿದದ್ದು ನಿಮ್ಮದು. ಎರಡೂವರೆ ಪರ್ಸೆಂಟ್ ಅದಕ್ಕೆ ಹಾಕಿ.